11 ವರ್ಷ ನಿಂತ ಪಿಕಪ್: ಎಂಜಿನ್ ಆಮೇಲೆ, ಮೊದಲು ಆರ್‌ಸಿ ತೆಗೆದು ನೋಡಿ

ಪ್ರಶ್ನೆ: ಸರ್, ನಾನು ಶಹಾಪುರ ತಾಲ್ಲೂಕಿನವನು. ಡಿಪ್ಲೊಮಾ ಮುಗಿಸಿ ಯಾದಗಿರಿಯಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಕಾಕಾನ ಹೊಲಕ್ಕೆ ಹತ್ತಿದ ಹೊಲದಲ್ಲಿ ಒಂದು ಹಳೆ ಮಹೀಂದ್ರಾ ಪಿಕಪ್ ನಿಂತಿದೆ. ಮುಂದೆ ಜೀಪಿನ ಮುಖ, ಹಿಂದೆ ತೆರೆದ ತೊಟ್ಟಿ, 1984ರ ಗಾಡಿ. ಬೇವಿನ ಮರದ ಕೆಳಗೆ 11 ವರ್ಷದಿಂದ ಅಲ್ಲಾಡಿಲ್ಲ. ಮಾಲೀಕರು ತೀರಿಕೊಂಡು 6 ವರ್ಷವಾಯಿತು. ಮಕ್ಕಳು 70,000 ಕೇಳುತ್ತಿದ್ದಾರೆ. ಎಂಜಿನ್ ಗಟ್ಟಿ ಇದೆ, ಬ್ಯಾಟರಿ ಹಾಕಿ ಟ್ರ್ಯಾಕ್ಟರಿಗೆ ಟೋಚನ್ ಕಟ್ಟಿ ಎಳೆದರೆ ಸ್ಟಾರ್ಟ್ ಆಗುತ್ತದೆ ಅನ್ನುತ್ತಾರೆ. ತಂದೆ ಬದುಕಿದ್ದಾಗಲೇ ಸಹಿ ಮಾಡಿಟ್ಟ ಫಾರಂಗಳೂ ಇವೆಯಂತೆ. ಒಬ್ಬ ಗೆಳೆಯ '15 ವರ್ಷ ದಾಟಿದ ಗಾಡಿ, ಸರ್ಕಾರ ಹಿಡಿದು ಗುಜರಿಗೆ ಹಾಕುತ್ತದೆ' ಅನ್ನುತ್ತಾನೆ. ಇನ್ನೊಬ್ಬ 'ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇಡ, ಟ್ಯಾಕ್ಸ್ ಬೇಡ' ಅನ್ನುತ್ತಾನೆ. ಭಾನುವಾರ ನಾನೇ ಕೆಲಸ ಮಾಡಿಕೊಂಡು ಸರಿ ಮಾಡಬೇಕು, ಆಮೇಲೆ ಸುಗ್ಗಿಯಲ್ಲಿ ನಾಲ್ಕು ಚೀಲ ತೊಗರಿ ಒಯ್ಯಬೇಕು ಅಂತ ಆಸೆ. ಎಲ್ಲಾ ಸೇರಿ ನನ್ನ ಹತ್ತಿರ 2 ಲಕ್ಷ ಇದೆ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ, ಒಳಗಿರುವುದು ಡೀಸೆಲ್ ಎಂಜಿನ್. ಅದು ದೊಡ್ಡ ವಿಷಯವಲ್ಲ ಅನ್ನುತ್ತಾರೆ. ಕೊಳ್ಳಲಾ, ಬೇಡವಾ?

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲು ಓದಿ ನಾನು ಮತ್ತೆ ಮೊದಲಿನಿಂದ ಓದಿದೆ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್. ನಿಮ್ಮ ಇಡೀ ಪ್ರಶ್ನೆಯಲ್ಲಿ ದೊಡ್ಡ ವಿಷಯ ಅದೇ. ಎಂಜಿನ್ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎನ್ನುವುದು ಅದರ ಮುಂದೆ ಸಣ್ಣದು.

ಕಲಬುರಗಿಯ ಗ್ಯಾರೇಜಿನಲ್ಲಿ ಕೂತು ನಾನು ಇಷ್ಟು ದಿನ ನೋಡಿದ್ದು ಹೀಗೆ. ನಿಂತ ಗಾಡಿ ಕೊಂಡವರು ಎಂಜಿನ್ ಕೈಕೊಟ್ಟಿತು ಅಂತ ಅರ್ಧಕ್ಕೆ ಬಿಡುವುದು ಕಡಿಮೆ. ಎಂಜಿನ್ ಬಿಚ್ಚಿದರೆ ಏನು ಹೋಗಿದೆ ಗೊತ್ತಾಗುತ್ತದೆ, ದುಡ್ಡು ಕೊಟ್ಟರೆ ಸಾಮಾನು ಸಿಗುತ್ತದೆ. ಬಿಡುವುದು ಎರಡು ಕಾರಣಕ್ಕೆ: ಕಾಗದ ಹೆಸರಿಗೆ ಆಗಲಿಲ್ಲ, ಇಲ್ಲವೇ ಚಾಸಿ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು, ಕೊಳೆತಿತ್ತು. ಹಾಗಾಗಿ ನಾನು ಆ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ನಿಮ್ಮ ಇಬ್ಬರು ಗೆಳೆಯರ ಮಾತು ಮುಗಿಸಿಬಿಡೋಣ.

15 ವರ್ಷದ ಹೆದರಿಕೆ ದಿಲ್ಲಿಯಿಂದ ಬಂದದ್ದು. ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟಿನ ಆದೇಶಗಳು ಬಂದವು. ಆ ಸುದ್ದಿ ಟಿವಿಯಲ್ಲಿ ಓಡಿ ಓಡಿ ದೇಶಕ್ಕೆಲ್ಲಾ ಅದೇ ಕಾನೂನು ಅನ್ನುವ ಹಾಗಾಗಿದೆ. ಕರ್ನಾಟಕದಲ್ಲಿ ಹಾಗಿಲ್ಲ. ಇಲ್ಲಿ ಖಾಸಗಿ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ, ತಪಾಸಣೆ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಬಾಡಿಗೆ ಅಥವಾ ಸರಕು ಗಾಡಿಗೆ ಲೆಕ್ಕ ಬೇರೆ. ಅದಕ್ಕೆ 8 ವರ್ಷವಾದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಎಫ್‌ಸಿ ಇಲ್ಲದ ಸರಕು ಗಾಡಿ ಕಾನೂನಿನ ಕಣ್ಣಲ್ಲಿ ರಿಜಿಸ್ಟ್ರೇಷನ್ ಇಲ್ಲದ ಗಾಡಿಗೆ ಸಮ. 15 ವರ್ಷಕ್ಕೆ ನಿಜವಾಗಿಯೂ ಗುಜರಿಗೆ ಹೋಗುವುದು ಸರ್ಕಾರಿ ಇಲಾಖೆಗಳ ಗಾಡಿ. 2023ರ ಏಪ್ರಿಲ್ 1ರಿಂದ ಆ ನಿಯಮ ಬಂದಿದೆ. ಹಾಗಾಗಿ ಈಚೆಗೆ ಇಲಾಖೆಯ ಹರಾಜಿನಲ್ಲಿ ತೆಗೆದದ್ದು ಅಂತ ಯಾರಾದರೂ ಹಳೆ ಜೀಪು ತೋರಿಸಿದರೆ, ರಸ್ತೆಗೆ ಇಳಿಸುವ ಆಸೆಯಿಂದ ಅದನ್ನು ಕೊಳ್ಳಬೇಡಿ.

ನವೀಕರಣ ಆಗುತ್ತದೆ ಅಂದರೆ ಅಗ್ಗಕ್ಕೆ ಆಗುತ್ತದೆ ಅಂತಲ್ಲ. ಹಳೆ ಲಘು ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿದರು. ತಡ ಮಾಡಿದ್ದಕ್ಕೆ ಬೇರೆ ಹೆಚ್ಚುವರಿ ಶುಲ್ಕ ಇದೆ. ನಿಮ್ಮದು 11 ವರ್ಷದ ತಡ.

ಎರಡನೇ ಗೆಳೆಯನ ವಿಂಟೇಜ್ ಮಾತು ಕೇಳಲು ಚೆಂದ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನಿಯಮ ತಂದದ್ದು ನಿಜ. ಆದರೆ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ನಿಮ್ಮದು 1984ರದ್ದು, 2034ರವರೆಗೆ ಆ ಮಾತೇ ಇಲ್ಲ. ಅದು ಸ್ವಂತ ಬಳಕೆಯ ಗಾಡಿಗೆ ಮಾತ್ರ, ಸರಕು ಗಾಡಿಗೆ ಅಲ್ಲ. ಚಾಸಿ, ಬಾಡಿ, ಎಂಜಿನ್ ಮೂಲದಲ್ಲಿ ಇದ್ದ ಹಾಗೇ ಇರಬೇಕು, ನಿಮ್ಮದು ಅಲ್ಲೂ ಬೀಳುತ್ತದೆ. ಹೊಸ ನೋಂದಣಿಗೆ ಶುಲ್ಕ 20,000. ಇಷ್ಟೆಲ್ಲಾ ಆದ ಮೇಲೂ ಆ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ಹೊರಗೆ ತೆಗೆಯಬಹುದು. ತೊಗರಿ ಚೀಲ ಹೇರಿಕೊಂಡು ಎಪಿಎಂಸಿಗೆ ಹೋಗುವ ಹಾಗಿಲ್ಲ. ಅದನ್ನು ಮರೆತುಬಿಡಿ.

ಈಗ ಕಾಗದ. ಆರ್‌ಸಿ ಕೈಗೆ ತಗೊಂಡು ನಿಧಾನಕ್ಕೆ ಓದಿ. ಹೆಸರು, ಚಾಸಿ ನಂಬರ್, ಎಂಜಿನ್ ನಂಬರ್, ಇಂಧನ, ಗಾಡಿಯ ವರ್ಗ, ಖಾಲಿ ತೂಕ, ಸಾಲದ ನಮೂದು. ಒಂದೊಂದೂ ಮುಖ್ಯ.

1984 ಅಂದರೆ 'ಕೆಎ' ಬರುವುದಕ್ಕೂ ಮುಂಚಿನ ನಂಬರ್. ಈಗಿನ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದೇ 1989ರ ಜುಲೈಯಲ್ಲಿ. ಆಗ ಯಾದಗಿರಿ ಜಿಲ್ಲೆಯೂ ಇರಲಿಲ್ಲ. ಶಹಾಪುರ ಗುಲಬರ್ಗಾ ಜಿಲ್ಲೆಯಲ್ಲಿತ್ತು, 2009ರ ಕೊನೆಯಲ್ಲಿ ಯಾದಗಿರಿ ಬೇರೆಯಾಯಿತು. ಹಾಗಾಗಿ ನಿಮ್ಮ ಗಾಡಿಯ ಮೂಲ ದಾಖಲೆ ಕಲಬುರಗಿ ಆರ್‌ಟಿಒದ ಹಳೆ ರಿಜಿಸ್ಟರಿನಲ್ಲಿ, ಅಂದರೆ ಕಾಗದದಲ್ಲಿ ಇರುವ ಸಾಧ್ಯತೆ ಹೆಚ್ಚು. ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿ. ಬರಲಿಲ್ಲ ಅಂದರೆ ಗಾಡಿ ಕಳ್ಳಮಾಲು ಅಂತ ಅರ್ಥವಲ್ಲ, ದಾಖಲೆ ಕಂಪ್ಯೂಟರಿಗೆ ಏರಿಲ್ಲ ಅಂತ ಅರ್ಥ. ಅದನ್ನು ಏರಿಸುವುದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಮೂಲ ಆರ್‌ಸಿ ಇದ್ದು, ಕಚೇರಿಯ ರಿಜಿಸ್ಟರಿನಲ್ಲೂ ಪುಟ ಸಿಕ್ಕರೆ ಆಗುತ್ತದೆ. ಪುಟ ಸಿಗಲಿಲ್ಲವೋ, ಅಲ್ಲಿಗೆ ನಿಲ್ಲಿಸಿ. ಆ ಗಾಡಿ ಸಾಮಾನಿಗೆ ಮಾತ್ರ ಲಾಯಕ್ಕು. ಈ ಒಂದು ವಿಚಾರಣೆಗೆ ನಿಮಗೆ ಖರ್ಚಾಗುವುದು ಬಸ್ ಚಾರ್ಜು ಮತ್ತು ರಜೆ. 70,000 ಕೊಡುವ ಮುಂಚೆ ಇದನ್ನು ಮಾಡಿ.

ತಂದೆ ಸಹಿ ಮಾಡಿಟ್ಟ ಫಾರಂ ಅಂದರಲ್ಲ, ಅವು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30 ಇರಬೇಕು. ಮಾಲೀಕ ತೀರಿಕೊಂಡ ಮೇಲೆ ಅವನ ಸಹಿಯ ಮೇಲೆ ಈಗಿನ ತಾರೀಖು ಹಾಕಿ ವರ್ಗಾವಣೆ ಮಾಡಿಸಿದರೆ ಅದು ಸುಳ್ಳು ದಾಖಲೆ. 'ನಮ್ಮ ಕಡೆ ಎಲ್ಲಾರೂ ಹಂಗೇ ಮಾಡ್ತಾರ' ಅನ್ನುತ್ತಾರೆ. ಮಾಡಬೇಡಿ. ನಾಳೆ ಒಬ್ಬ ವಾರಸುದಾರ ತಕರಾರು ತೆಗೆದರೆ ಗಾಡಿಯೂ ಹೋಗುತ್ತದೆ, ಕೇಸಿನಲ್ಲಿ ಹೆಸರು ನಿಮ್ಮದು ಬರುತ್ತದೆ. ಸರಿಯಾದ ದಾರಿ ಫಾರಂ 31. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ಮೊದಲು ಮಕ್ಕಳಲ್ಲಿ ಒಬ್ಬರ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಆ ಮಗ ನಿಮಗೆ ಮಾರಬೇಕು. ಕಾಯ್ದೆ ಪ್ರಕಾರ ಇದನ್ನು ಮಾಲೀಕ ತೀರಿಕೊಂಡ 3 ತಿಂಗಳೊಳಗೆ ಮಾಡಿಸಬೇಕಿತ್ತು. ತಡವಾಗಿದೆ, ದಂಡ ಬೀಳುತ್ತದೆ, ಆದರೆ ದಾರಿ ಮುಚ್ಚಿಲ್ಲ. ವಾರಸುದಾರರು ಅಂದರೆ ಗಂಡುಮಕ್ಕಳು ಮಾತ್ರ ಅಲ್ಲ. ತಾಯಿ ಇದ್ದರೆ ತಾಯಿ, ಮದುವೆಯಾಗಿ ಹೋದ ಅಕ್ಕತಂಗಿಯರು, ಎಲ್ಲರೂ. ನಮ್ಮ ಕಡೆ ಇವರನ್ನು ಕೇಳುವುದನ್ನೇ ಮರೆಯುತ್ತಾರೆ, ಅಲ್ವಾ?

ಆರ್‌ಸಿಯ ಹಿಂಭಾಗದಲ್ಲಿ ಸಾಲದ ನಮೂದು ಇದೆಯಾ ನೋಡಿ. ಆ ಕಾಲದಲ್ಲಿ ಈ ಭಾಗದ ಸಾಲದ ಗಾಡಿಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಹೆಸರು ಬಹಳ ಕಾಣುತ್ತದೆ. ಸಾಲ ಎಂದೋ ತೀರಿರುತ್ತದೆ, ಆದರೆ ನಮೂದು ತೆಗೆಸಿರುವುದಿಲ್ಲ. ಆ ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಜೊತೆ ಸೇರಿಹೋಯಿತು. ಈಗ ಎಸ್‌ಬಿಐ ಶಾಖೆಯಲ್ಲೇ ಕೇಳಿ ಫಾರಂ 35 ಮತ್ತು ಬಾಕಿ ಇಲ್ಲ ಎನ್ನುವ ಪತ್ರ ತರಬೇಕು. ಇದು ಮಾರುವವರ ಕೆಲಸ, ನಿಮ್ಮದಲ್ಲ.

ಟ್ಯಾಕ್ಸ್ ಇನ್ನೊಂದು. ಗಾಡಿ ಓಡಿಸುತ್ತಿಲ್ಲ ಅಂತ ಆರ್‌ಟಿಒಗೆ ಬರೆದುಕೊಟ್ಟಿದ್ದರೆ ಆ ಅವಧಿಗೆ ವಿನಾಯಿತಿ ಕೇಳಬಹುದು. ಸುಮ್ನೆ ಮರದ ಕೆಳಗೆ ನಿಲ್ಲಿಸಿದರೆ ಕಾಗದದಲ್ಲಿ ಗಾಡಿ ಓಡುತ್ತಲೇ ಇರುತ್ತದೆ, ಬಾಕಿ ಬೆಳೆಯುತ್ತಲೇ ಇರುತ್ತದೆ. ಬಾಕಿ, ದಂಡ, ತಡದ ಶುಲ್ಕ, ಎಲ್ಲಾ ಸೇರಿ ಎಷ್ಟು ಅಂತ ಕಚೇರಿಯಲ್ಲಿ ಲೆಕ್ಕ ಹಾಕಿಸಿ. ಆ ಮೊತ್ತ ಗಾಡಿಯ ಬೆಲೆಯನ್ನು ಮೀರಿದರೂ ನನಗೆ ಆಶ್ಚರ್ಯವಿಲ್ಲ. ಅದನ್ನು ಮಾರುವವರ ಬೆಲೆಯಿಂದ ಕಳೆಯಬೇಕು.

ಈಗ ಪೆಟ್ರೋಲ್-ಡೀಸೆಲ್ ಕಥೆಗೆ ಬರೋಣ. ಮಹೀಂದ್ರಾದವರು ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಬಹಳ ವರ್ಷ ಆ ವಂಶದ ಗಾಡಿಗಳಲ್ಲಿ ಬಂದದ್ದು ಹರಿಕೇನ್ ಅನ್ನುವ 2.2 ಲೀಟರಿನ ಪೆಟ್ರೋಲ್ ಎಂಜಿನ್. ಗಟ್ಟಿ ಎಂಜಿನ್, ಆದರೆ ಪೆಟ್ರೋಲ್ ಬಹಳ ಕುಡಿಯುತ್ತದೆ. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಜನ ಆ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದರು. ನಮ್ಮ ಕಡೆ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತದೆ. ಒಂದು, ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಕುಲದ ಎಂಜಿನ್. ಇನ್ನೊಂದು, ಮಹೀಂದ್ರಾದವರೇ ಪ್ಯೂಜೋ ಕಂಪನಿಯಿಂದ ಪರವಾನಗಿ ಪಡೆದು ತಯಾರಿಸಿದ 2112 ಸಿಸಿಯ ಎಕ್ಸ್‌ಡಿಪಿ 4.90. ಹೆಸರಲ್ಲಿರುವ 4 ಅಂದರೆ ಸಿಲಿಂಡರ್, 90 ಅಂದರೆ ಮಿಲಿಮೀಟರಿನಲ್ಲಿ ಬೋರ್. ಜೀಪಿನ ಹಿಂದೆ 'ಡಿಪಿ' ಅಂತ ಬರೆದಿರುತ್ತಿತ್ತಲ್ಲ, ಆ ಡಿಪಿ ಇದೇ.

ನಿಮ್ಮದರಲ್ಲಿ ಯಾವುದಿದೆ ಅಂತ ಮೊದಲು ಗುರುತಿಸಿ, ಎಂಜಿನ್ ಮೇಲಿನ ನಂಬರ್ ಬರೆದುಕೊಳ್ಳಿ. ಅದು ಆರ್‌ಸಿಯ ಎಂಜಿನ್ ನಂಬರಿಗೆ ಹೊಂದುವುದಿಲ್ಲ ಎನ್ನುವುದು ಬಹುತೇಕ ಖಚಿತ. ಆಗ ಕೇಳಬೇಕಾದ ಪ್ರಶ್ನೆ: ಈ ಎಂಜಿನ್ ಎಲ್ಲಿಂದ ಬಂತು? ಬಿಲ್ ಇದೆಯಾ? ಯಾವ ಗಾಡಿಯಿಂದ ಇಳಿಸಿದ್ದು? ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸಲು ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಗಾಡಿಯನ್ನು ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮೊದಲಿನ ಹಾಗೆ 'ಬ್ರೋಕರಿಗೆ ಕೊಟ್ಟರೆ ಆಗುತ್ತೆ' ಅನ್ನುವ ಕಾಲ ಹೋಗಿದೆ. ನಮೂದಾಗದ ಎಂಜಿನ್ ಇಟ್ಟುಕೊಂಡು ಓಡಿಸಿ, ಯಾರಿಗಾದರೂ ಗುದ್ದಿದರೆ, ವಿಮೆ ಕಂಪನಿ ಮೊದಲು ನೋಡುವುದು ಇದನ್ನೇ. ಪರಿಹಾರ ನಿಮ್ಮ ಹೊಲ ಮಾರಿ ಕೊಡಬೇಕಾದೀತು.

ಇಲ್ಲಿ ನಿಮ್ಮ ಮುಂದೆ ಎರಡು ದಾರಿ. ಮಹೀಂದ್ರಾದ್ದೇ ಡೀಸೆಲ್ ಎಂಜಿನ್ ಇದ್ದು, ಬಿಲ್ ಅಥವಾ ಹಳೆ ಗಾಡಿಯ ಕಾಗದ ಇದ್ದರೆ ಆರ್‌ಟಿಒಗೆ ಅರ್ಜಿ ಹಾಕಿ ಕೇಳಬಹುದು. ಒಪ್ಪುತ್ತಾರೋ ಇಲ್ಲವೋ ಎನ್ನುವುದನ್ನು ಕೊಳ್ಳುವ ಮುಂಚೆಯೇ, ಮಾರುವವರ ಅರ್ಜಿಯ ಮೇಲೆ, ಕೇಳಿಕೊಳ್ಳಬೇಕು. ಇಲ್ಲವಾದರೆ ಹರಿಕೇನ್ ಎಂಜಿನ್ ಹುಡುಕಿ ಮತ್ತೆ ಪೆಟ್ರೋಲಿಗೆ ಮರಳಬೇಕು. ಅದಕ್ಕೂ ನಂಬರ್ ಬದಲಾವಣೆಯ ನಮೂದು ಬೇಕು, ಆದರೆ ಅದೇ ಕಂಪನಿ, ಅದೇ ಬಗೆಯ ಎಂಜಿನ್ ಆದ್ದರಿಂದ ಕೇಳುವುದು ಸುಲಭ. ಬೊಲೆರೊ ಎಂಜಿನ್ ಕೂರಿಸಿದರೆ ಹೇಗೆ ಅಂತ ಮುಂದಿನ ಪತ್ರದಲ್ಲಿ ನೀವು ಕೇಳುತ್ತೀರಿ, ನನಗೆ ಗೊತ್ತು. ಕೂರುತ್ತದೆ. ಓಡುತ್ತದೆ. ಆದರೆ ಈಗಿರುವ ತೊಡಕೇ ಬಿಚ್ಚದಿರುವಾಗ ಇನ್ನೊಂದು ಗಂಟು ಹಾಕಿಕೊಳ್ಳುವುದು ಬೇಡ.

ಎಂಜಿನ್ ನಂಬರಿನ ಜೊತೆಗೆ ಚಾಸಿ ನಂಬರ್ ಕೂಡ ನೋಡಿ. ತುಕ್ಕಿನ ಕೆಳಗೆ ಮುಚ್ಚಿಹೋಗಿದ್ದರೆ ಡೀಸೆಲ್ ಹಚ್ಚಿ ನೆನೆಸಿ, ಬಟ್ಟೆ ಮತ್ತು ಮೆತ್ತನೆ ಬ್ರಷ್‌ನಿಂದ ಉಜ್ಜಿ. ಅಲ್ಲಿಗೆ ಗ್ರೈಂಡರ್ ಮುಟ್ಟಿಸಬೇಡಿ, ಯಾರಿಗೂ ಮುಟ್ಟಿಸಲು ಬಿಡಬೇಡಿ. ಗ್ರೈಂಡರ್ ಓಡಿದ ಜಾಗದಲ್ಲಿ ನಂಬರ್ ಅಳಿಸಿದರೆ ಇನ್ಸ್‌ಪೆಕ್ಟರ್ ಕಣ್ಣಿಗೆ ಅದು ಕಳ್ಳತನದ ಗುರುತು. ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಾಗ ಪ್ರತಿ ಅಂಕಿಯೂ ಆರ್‌ಸಿಗೆ ಹೊಂದಬೇಕು. ಗಾಡಿ ಕಳುವಾದದ್ದಾ ಅಂತ ನೋಡಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 'ವಾಹನ್ ಸಮನ್ವಯ' ಸೇವೆ ಇದೆ, ಎಂಜಿನ್ ಮತ್ತು ಚಾಸಿ ನಂಬರ್ ಹಾಕಿ ಹುಡುಕಬಹುದು. ನಿಮ್ಮದರಲ್ಲಿ ಎಂಜಿನ್ ಬೇರೆ ಗಾಡಿಯದು, ಹಾಗಾಗಿ ಹುಡುಕಲೇಬೇಕು.

ಕಾಗದ ಸರಿ ಬಂತು ಅಂತಿಟ್ಟುಕೊಳ್ಳಿ. ಈಗ ಗಾಡಿಯ ಹತ್ತಿರ ಹೋಗೋಣ. ಹೋಗುವಾಗ ಕೈಯಲ್ಲಿ ಕೋಲು, ಕಾಲಲ್ಲಿ ಬೂಟು ಇರಲಿ. ತಮಾಷೆಯಲ್ಲ. ಹೊಲದಲ್ಲಿ ನಿಂತ ಗಾಡಿಯ ಸೀಟಿನ ಕೆಳಗೆ, ಬಾನೆಟ್ ಒಳಗೆ ಹಾವು, ಚೇಳು, ಕಣಜದ ಗೂಡು ಸಾಮಾನ್ಯ. ಬಾನೆಟ್ ಎತ್ತುವ ಮುಂಚೆ ನಾಲ್ಕು ಸಲ ಬಡಿಯಿರಿ.

ನಮ್ಮ ಸೀಮೆಯ ಒಣ ಹವೆಗೆ ಗಾಡಿ ತುಕ್ಕು ಹಿಡಿಯಲ್ಲ ಅನ್ನುವ ಮಾತಿದೆ. ಅರ್ಧ ನಿಜ. ಮಂಗಳೂರಿನ ಗಾಡಿಗೆ ಹೋಲಿಸಿದರೆ ಕಲಬುರಗಿ, ಬೀದರಿನ ಗಾಡಿಯ ಮೇಲ್ಮೈ ಚೆನ್ನಾಗಿರುತ್ತದೆ. ಬಾಗಿಲು, ಬಾನೆಟ್, ಛಾವಣಿ ನೋಡಿ ಜನ ಮೋಸ ಹೋಗುವುದು ಅದಕ್ಕೇ. ಕೆಳಗಿನ ಕಥೆ ಬೇರೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದರೆ ಬೇಗ ಬಿಡುವುದಿಲ್ಲ. ನಿಮ್ಮ ಶಹಾಪುರದ ಕಡೆ ನಾರಾಯಣಪುರದ ಕಾಲುವೆ ನೀರು ಬಂದು ಭತ್ತ ಬೆಳೆಯುವ ಹೊಲಗಳಲ್ಲಿ ವರ್ಷದಲ್ಲಿ ಹೆಚ್ಚು ದಿನ ನೆಲ ಹಸಿ. ಟೈರಿನ ಗಾಳಿ ಹೋಗಿ ಗಾಡಿ ಕುಸಿದಾಗ ಆಕ್ಸಲ್, ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್), ಚಾಸಿಯ ಹಿಂಭಾಗ ಆ ಹಸಿ ಮಣ್ಣಿಗೆ ತಾಗಿ ಕೂರುತ್ತವೆ. ಇನ್ನೊಂದು ಕೇಳಿ ತಿಳಿದುಕೊಳ್ಳಿ: ಗಾಡಿ ಏನು ಹೇರುತ್ತಿತ್ತು? ಯೂರಿಯಾ, ಡಿಎಪಿ ಹೇರಿದ ತೊಟ್ಟಿಯ ಕೆಳಗೆ ಕಬ್ಬಿಣ ಕೊಳೆಯುವುದು ಜಾಸ್ತಿ. ಗೊಬ್ಬರದ ಪುಡಿ ಸಂದುಗಳಲ್ಲಿ ಸೇರಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಶಹಾಬಾದ್ ಕಲ್ಲು ಹೇರಿದ ಗಾಡಿಯಾದರೆ ತುಕ್ಕಿಗಿಂತ ಬಿರುಕಿನ ಭಯ, ಮಿತಿ ಮೀರಿದ ಭಾರಕ್ಕೆ ಚಾಸಿ ಬಾಗಿರುತ್ತದೆ.

ಹಳೆ ಮನೆ ಕೊಳ್ಳುವವನು ಪಾಯ ನೋಡುವ ಹಾಗೆ ನೀವು ಚಾಸಿ ನೋಡಬೇಕು. ಸಣ್ಣ ಸುತ್ತಿಗೆ ತಗೊಂಡು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ದಬ್ ಅಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಕಮಾನ್ ಪಟ್ಟಿ ಚಾಸಿಗೆ ಕೂರುವ ಜಾಗಗಳು, ಸ್ಟೀರಿಂಗ್ ಬಾಕ್ಸ್ ಬೋಲ್ಟಾದ ಜಾಗ, ತೊಟ್ಟಿಯ ಕೆಳಗಿನ ಅಡ್ಡಪಟ್ಟಿಗಳು, ಇಲ್ಲಿ ಹೆಚ್ಚು ಹೊತ್ತು ಕೊಡಿ. ಹಳೆ ಗಾಡಿಗೆ ಒಂದೇ ಕಡೆ ಹೊಸ ಕರಿ ಬಣ್ಣ ಬಳಿದಿದ್ದರೆ ಅದರ ಕೆಳಗೆ ವೆಲ್ಡಿಂಗ್ ಹುಡುಕಿ. ಆಮೇಲೆ ಒಂದು ದಾರ ತಗೊಳ್ಳಿ. ಮುಂದಿನ ಎಡ ಕಮಾನಿನ ಪಿನ್ನಿನಿಂದ ಹಿಂದಿನ ಬಲ ಕಮಾನಿನ ಪಿನ್ನಿನವರೆಗೆ ಅಳೆಯಿರಿ. ಮುಂದಿನ ಬಲದಿಂದ ಹಿಂದಿನ ಎಡಕ್ಕೂ ಅಳೆಯಿರಿ. ಎರಡೂ ಒಂದೇ ಬರಬೇಕು. ಒಂದು ಬೆರಳಿನಷ್ಟು ವ್ಯತ್ಯಾಸ ಬಂದರೂ ಗಾಡಿ ಎಲ್ಲೋ ಜೋರಾಗಿ ಹೊಡೆಸಿಕೊಂಡಿದೆ. ಅಲ್ಲೊಂದು ಇಲ್ಲೊಂದು ತುಕ್ಕಿನ ತೂತಿಗೆ ಪ್ಲೇಟ್ ಹಾಕಬಹುದು. ಸೊಟ್ಟ ಚಾಸಿ ನೇರ ಮಾಡುವ ಮಟ್ಟದ ಕೆಲಸ ನಿಮ್ಮ 2 ಲಕ್ಷದಲ್ಲಿ ಬೇಡ.

ಈಗ ಎಂಜಿನ್. ಟೋಚನ್ ಕಟ್ಟಿ ಎಳೆಯಲು ಮಾತ್ರ ಬಿಡಬೇಡಿ, ಎಷ್ಟೇ ಒತ್ತಾಯ ಮಾಡಲಿ. 11 ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಲೈನರಿಗೆ (ಸಿಲಿಂಡರಿನ ಒಳಗೋಡೆಗೆ) ಕಚ್ಚಿಕೊಂಡಿರಬಹುದು, ಬೇರಿಂಗ್‌ಗಳಲ್ಲಿ ಎಣ್ಣೆಯ ಪದರ ಇಲ್ಲ. ಟ್ರ್ಯಾಕ್ಟರ್ ಬಲದಿಂದ ತಿರುಗಿಸಿದರೆ ರಿಂಗ್ ಮುರಿಯುತ್ತದೆ, ಲೈನರ್ ಗೀರುತ್ತದೆ. ಸಣ್ಣ ಖರ್ಚಿನಲ್ಲಿ ಉಳಿಯಬೇಕಿದ್ದ ಎಂಜಿನ್ ಆ ಒಂದು ಎಳೆತಕ್ಕೆ ಪೂರ್ತಿ ಬಿಚ್ಚುವ ಹಾಗಾಗುತ್ತದೆ. ಡೀಸೆಲ್ ಎಂಜಿನ್‌ಗೆ ಇನ್ನೊಂದು ಅಪಾಯವಿದೆ. ಇಂಜೆಕ್ಷನ್ ಪಂಪಿನ ಒಳಗೆ ಡೀಸೆಲ್ ಪ್ರಮಾಣ ಹೆಚ್ಚುಕಡಿಮೆ ಮಾಡುವ ಸರಳು, ಅದಕ್ಕೆ ರ‍್ಯಾಕ್ ಅನ್ನುತ್ತಾರೆ, ತುಕ್ಕಿಗೆ ಅಂಟಿಕೊಂಡಿರಬಹುದು. ಅದು ತೆರೆದ ಸ್ಥಿತಿಯಲ್ಲಿ ಅಂಟಿದ್ದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ರೇಸ್ ಏರುತ್ತಲೇ ಹೋಗುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ. ಎದುರಿಗೆ ನಿಂತವರಿಗೆ ಅದು ಆಟವಲ್ಲ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಒಳಹೋಗುವ ಬಾಯಿಗೆ ಪೂರ್ತಿ ಮುಚ್ಚುವಷ್ಟು ದೊಡ್ಡ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಬೇಕು, ಗಾಳಿ ಕಟ್ಟಾದರೆ ಎಂಜಿನ್ ಸಾಯುತ್ತದೆ. ಬಟ್ಟೆ ಹಿಡಿಯಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಕೈ ಅಂತೂ ಬೇಡವೇ ಬೇಡ.

ಕೊಳ್ಳುವ ಮುಂಚಿನ ಪರೀಕ್ಷೆ ಸರಳ. ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಎಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಸ್ವಲ್ಪ ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ. ಪೂರಾ ಎರಡು ಸುತ್ತು ತಿರುಗಿದರೆ ನಾಲ್ಕೂ ಪಿಸ್ಟನ್, ಎಲ್ಲಾ ವಾಲ್ವ್ ಅಲ್ಲಾಡಿದವು ಅಂತ ಅರ್ಥ. ಅಲ್ಲಿಗೆ ಎಂಜಿನ್ನಿಗೆ ಆಸೆ ಇಟ್ಟುಕೊಳ್ಳಬಹುದು. ತಿರುಗಲಿಲ್ಲ ಅಂದರೆ ಲೈನರ್, ಪಿಸ್ಟನ್, ಬೇರಿಂಗ್, ಬಹುಶಃ ಕ್ರ್ಯಾಂಕ್ ಗ್ರೈಂಡಿಂಗ್ ಅಂತ ಲೆಕ್ಕ ಹಿಡಿಯಿರಿ. ಮಾರುವವರು ಈ ಪರೀಕ್ಷೆಗೇ ಒಪ್ಪದಿದ್ದರೆ ಎಂಜಿನ್ ಹೋಗಿದೆ ಅಂತಲೇ ಬೆಲೆ ಕಟ್ಟಿ.

ಎಂಜಿನ್ ಜೀವ ಬಂದರೂ ಉಳಿದದ್ದು ಇದ್ದೇ ಇದೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ತುಕ್ಕು ಮತ್ತು ಕೆಸರು, ಮೊದಲ ಓಟಕ್ಕೆ ಹೊರಗಿನ ಕ್ಯಾನಿನಿಂದಲೇ ಡೀಸೆಲ್ ಕೊಡಿ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿರುತ್ತದೆ. ವೈರಿಂಗನ್ನು ಇಲಿ ತಿಂದಿರುತ್ತದೆ, ಜೋಡಿಸಲು ಹೋಗಬೇಡಿ, ಪೂರ್ತಿ ಹೊಸದು ಹಾಕಿ, ಇಲ್ಲವಾದರೆ ಬೆಂಕಿ. ಟೈರಿನಲ್ಲಿ ಗೆರೆ ಚೆನ್ನಾಗಿ ಕಂಡರೂ ರಬ್ಬರ್ ಸತ್ತಿರುತ್ತದೆ, ಐದೂ ಹೊಸದು.

ಬ್ರೇಕಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಇಷ್ಟು ವರ್ಷದಲ್ಲಿ ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರದ ಸಿಲಿಂಡರ್ ಒಳಗಿನಿಂದ ತುಕ್ಕು ಹಿಡಿದಿರುತ್ತವೆ. ಒಳಗಿನ ರಬ್ಬರ್ ಕಿಟ್ ಬದಲಿಸಿ ಸಾಕು ಅನ್ನುವ ಮೇಸ್ತ್ರಿಯ ಮಾತು ಕೇಳಬೇಡಿ, ಸಿಲಿಂಡರ್, ಪೈಪು, ಹೋಸ್ ಎಲ್ಲಾ ಹೊಸದು ಹಾಕಿಸಿ. ಆ ಕಾಲದ ಜೀಪುಗಳಲ್ಲಿ ಬಹಳಷ್ಟಕ್ಕೆ ಬ್ರೇಕಿನ ಸರ್ಕ್ಯೂಟ್ ಒಂದೇ. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ನಾನು ಕೆಲಸ ಮಾಡಿಸುವ ಕ್ರಮ ಹೀಗಿದೆ: ಬ್ರೇಕ್, ಸ್ಟೀರಿಂಗ್, ಟೈರ್, ಆಮೇಲೆ ಎಂಜಿನ್, ವೈರಿಂಗ್, ಕೊನೆಗೆ ಬಣ್ಣ. ಹುಡುಗರು ಮಾಡುವುದು ಇದರ ಉಲ್ಟಾ. ಮೊದಲು ಬಣ್ಣ ಹೊಡೆಸಿ ಫೋಟೊ ಹಾಕುತ್ತಾರೆ, ಬ್ರೇಕಿಗೆ ಬರುವಾಗ ದುಡ್ಡು ಮುಗಿದಿರುತ್ತದೆ.

ಸಾಮಾನು ಸಿಗುತ್ತದಾ ಅನ್ನುವ ಚಿಂತೆ ಅಷ್ಟು ಬೇಡ. ಟ್ರ್ಯಾಕ್ಟರ್ ಕುಲದ ಎಂಜಿನ್ನಾದರೆ ನಿಮ್ಮೂರ ಟ್ರ್ಯಾಕ್ಟರ್ ಅಂಗಡಿಯಲ್ಲೇ ಅರ್ಧ ಸಿಗುತ್ತದೆ. ಜೀಪಿನ ಬ್ರೇಕ್, ಗೇರ್‌ಬಾಕ್ಸ್, ಆಕ್ಸಲ್ ಸಾಮಾನು ಸೊಲ್ಲಾಪುರ, ಹೈದರಾಬಾದ್, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಸಿಗದೇ ಸತಾಯಿಸುವುದು ಪಿಕಪ್ಪಿಗೆ ಮಾತ್ರ ಬರುತ್ತಿದ್ದ ಭಾಗಗಳು: ತೊಟ್ಟಿಯ ಪಕ್ಕಗಳು, ಹಿಂಬಾಗಿಲು, ಕ್ಯಾಬಿನ್ನಿನ ಹಿಂದಿನ ಗಾಜು, ಅದರ ರಬ್ಬರ್. ಅವು ಇವೆಯಾ, ಪೂರ್ತಿ ಇವೆಯಾ ಅಂತ ನೋಡಿಯೇ ಬೆಲೆ ಮಾತಾಡಿ.

ತೊಗರಿ ಚೀಲದ ಆಸೆಗೆ ಉತ್ತರ: 3,000 ಕೆಜಿ ಒಟ್ಟು ತೂಕದೊಳಗಿನ ಸರಕು ಗಾಡಿಗೆ ಪರ್ಮಿಟ್ ಬೇಡ. ನಿಮ್ಮ ಕಾರಿನ ಲೈಸೆನ್ಸ್ ಕೂಡ ಸಾಕು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಖಚಿತಪಡಿಸಿದೆ. ಆದರೆ ವರ್ಷಾವರ್ಷ ಎಫ್‌ಸಿ, ವಿಮೆ, ಟ್ಯಾಕ್ಸ್ ಬೇಕೇ ಬೇಕು. ವರ್ಷಕ್ಕೆ ನಾಲ್ಕು ಚೀಲಕ್ಕಾಗಿ ಅಷ್ಟು ಓಡಾಟ ಬೇಕಾ ನೀವೇ ಯೋಚಿಸಿ. ಚೀಲಕ್ಕೆ ಬಾಡಿಗೆ ಗಾಡಿ ಅಗ್ಗ.

ಬೆಲೆ. ಆರ್‌ಸಿಯಲ್ಲಿ ಖಾಲಿ ತೂಕ ಬರೆದಿರುತ್ತದೆ. ಗುಜರಿಯಲ್ಲಿ ಇವತ್ತಿನ ಕಬ್ಬಿಣದ ದರ ಕೇಳಿ, ಗುಣಿಸಿ. ಉದಾಹರಣೆಗೆ 1,400 ಕೆಜಿ, ಕೆಜಿಗೆ 28 ರೂಪಾಯಿ ಅಂದರೆ 39,200. ಇದು ನೆಲದ ಬೆಲೆ. ಕಾಗದ ಸತ್ತ ಗಾಡಿಗೆ ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬಾರದು. ಕಾಗದ ಜೀವಂತ, ಚಾಸಿ ಗಟ್ಟಿ, ಎಂಜಿನ್ ಕೈಯಲ್ಲಿ ತಿರುಗುತ್ತದೆ ಅಂದರೆ ಮೇಲೆ ಹೋಗಬಹುದು. ಈಗಿನ ಸ್ಥಿತಿಯಲ್ಲಿ, ಸತ್ತವರ ಹೆಸರು ಮತ್ತು ಹೊಂದದ ಎಂಜಿನ್ ಎರಡೂ ಇರುವಾಗ, 70,000 ನಾನಾದರೆ ಕೊಡುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಕಲಬುರಗಿಗೆ ಹೋಗಿ ದಾಖಲೆ ಇದೆಯಾ, ಬಾಕಿ ಎಷ್ಟು, ಎಂಜಿನ್ ನಮೂದು ಆಗುತ್ತದಾ ಅಂತ ಕೇಳಿಕೊಂಡು ಬರುತ್ತಿದ್ದೆ. ಸರಿ ಅನ್ನಿಸಿದರೆ ಐದೋ ಹತ್ತೋ ಸಾವಿರ ಮುಂಗಡ ಕೊಟ್ಟು, ಎಲ್ಲಾ ವಾರಸುದಾರರ ಸಹಿ ಇರುವ ಕರಾರು ಬಾಂಡ್ ಪೇಪರಿನ ಮೇಲೆ ಬರೆಸಿಕೊಳ್ಳುತ್ತಿದ್ದೆ. ಮಗನ ಹೆಸರಿಗೆ ಆದ ಮೇಲೆ ಉಳಿದ ದುಡ್ಡು, ಆಗದಿದ್ದರೆ ಮುಂಗಡ ವಾಪಸ್ ಅಂತ ಅದರಲ್ಲಿ ಇರಬೇಕು. ಈ ನಡುವೆ ಗಾಡಿಗೆ ಒಂದು ನಟ್ಟು ಕೂಡ ಹಾಕುತ್ತಿರಲಿಲ್ಲ. ಮಕ್ಕಳು ಇಷ್ಟಕ್ಕೆ ಒಪ್ಪದಿದ್ದರೆ, ಅದೇ 2 ಲಕ್ಷದಲ್ಲಿ ಕಾಗದ ಚಾಲ್ತಿಯಿರುವ, ಕುಂಟುತ್ತಾದರೂ ಓಡುವ ಹಳೆ ಜೀಪು ನೋಡಿ. ಬಿಚ್ಚಿ ಜೋಡಿಸುವ ಖುಷಿ ಅದರಲ್ಲೂ ಬೇಕಾದಷ್ಟಿದೆ.

ಕೊಂಡಿರಿ ಅಂತಾದರೆ ಮನೆಗೆ ತರುವುದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹಗ್ಗ ಕಟ್ಟಿ ಹೆದ್ದಾರಿಯಲ್ಲಿ ಎಳೆದು ತರಬೇಡಿ. ಬ್ರೇಕಿಲ್ಲ, ವಿಮೆಯಿಲ್ಲ, ಹಿಂದಿನ ಗಾಡಿ ಮುಂದಿನದಕ್ಕೆ ಗುದ್ದುತ್ತದೆ. ಜೆಸಿಬಿ ಸಾಗಿಸುವ ತಗ್ಗು ಟ್ರೈಲರ್ ಬಾಡಿಗೆಗೆ ಸಿಗುತ್ತದೆ, ಅದರ ಮೇಲೆ ಹತ್ತಿಸಿ, ನಾಲ್ಕೂ ಮೂಲೆಗೆ ಚೈನ್ ಬಿಗಿದು, ಚಕ್ರಕ್ಕೆ ಕಟ್ಟಿಗೆ ಇಟ್ಟು ತನ್ನಿ. ಹತ್ತಿಸುವ ಮುಂಚೆ ಡ್ರಮ್‌ಗಳನ್ನು ಸುತ್ತಿಗೆಯಿಂದ ತಟ್ಟಿ ಚಕ್ರ ಬಿಡಿಸಿಕೊಳ್ಳಿ, ನಾಲ್ಕು ಹಳೆ ಟೈರು ಹಾಕಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ತನ್ನಿ, ಒಂದು ಸಲ ಎರೆ ಹೊಲ ನೆನೆದರೆ ಟ್ರೈಲರ್ ಅಲ್ಲಿಗೆ ಬರುವುದೇ ಇಲ್ಲ.